ತಾಳದವನನ್ನು ಬಿಟ್ಟು ಹಾಲೆಂಡಿಗೆ

ಸದಲಗಾ

ಪರದೇಶ ನೋಡಿ ಬಂದವರು ಸಾಮಾನ್ಯವಾಗಿ ವಿಮಾನ ಹತ್ತಿದಲ್ಲಿಂದ ಕಥೆ ಶುರು ಮಾಡುತ್ತಾರೆ. ನಾನು ವಿಮಾನ ಹತ್ತದೆ ಊರಲ್ಲಿ ಉಳಿದವನಿಂದ ಶುರು ಮಾಡಬೇಕು. ಅವನು ನನ್ನ ತಮ್ಮ, ಸಿದ್ರಾಮ.

ನಮ್ಮದು ದೂಧಗಂಗೆಯ ದಂಡೆಯ ಸದಲಗಾ. ನಾನು ಮ್ಯಾಟ್ರಿಕ್ ಮುಗಿಸಿ ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದೆ. ಆದರೆ ಚಿಕ್ಕೋಡಿಯಿಂದ ಅಥಣಿಯವರೆಗೆ ಜನ ನನ್ನನ್ನು ಗುರುತಿಸುತ್ತಿದ್ದದ್ದು ಕರಡಿ ಮಜಲಿನ ಕಲ್ಲಪ್ಪ ಅಂತ. ಕರಡಿ ಅಂದರೆ ಕೊರಳಿಗೆ ಹಾಕಿಕೊಂಡು ಎರಡೂ ಬದಿ ಬಾರಿಸುವ ದೊಡ್ಡ ಚರ್ಮವಾದ್ಯ. ಎರಡು ಕರಡಿ, ಊದುವುದಕ್ಕೆ ಸನಾದಿ, ಅದಕ್ಕೊಂದು ಶ್ರುತಿ, ಒಂದು ಜೋಡಿ ಕಂಚಿನ ತಾಳ. ಇಷ್ಟು ಸೇರಿದರೆ ಕರಡಿ ಮಜಲಿನ ಮೇಳ. ಮೊದಲಿನ ಕರಡಿ ನನ್ನದು, ಸನಾದಿ ರಾಯಬಾಗದ ಮೌಲಾಸಾಬನದು, ತಾಳ ಸಿದ್ರಾಮನದು.

ಸಿದ್ರಾಮನ ದೇಹ ಬೆಳೆದಷ್ಟು ಬುದ್ಧಿ ಬೆಳೆದಿರಲಿಲ್ಲ. ಬುದ್ಧಿಮಾಂದ್ಯ ಅಂತ ಈಗ ಮರ್ಯಾದೆಯಿಂದ ಬರೆಯುತ್ತಾರೆ. ನಮ್ಮ ಓಣಿಯಲ್ಲಿ ಅವನು ಹುಚ್ಚ ಸಿದ್ಯಾ. ನಾನೂ ಹಾಗೇ ಕರೆಯುತ್ತಿದ್ದೆ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕುತ್ತಿದ್ದ, ಕಂಡವರಿಗೆಲ್ಲ ಎರಡು ಸಲ ಶರಣು ಅನ್ನುತ್ತಿದ್ದ, ಮದುವೆಯ ಊಟದಲ್ಲಿ ಪಕ್ಕದವರ ಎಲೆಯ ಹಪ್ಪಳಕ್ಕೆ ಕೈ ಹಾಕುತ್ತಿದ್ದ. ಶಾಲೆಯ ಮಾಸ್ತರರು ವಾಪಸು ಕಳಿಸಿದ ಮೇಲೆ ಅಪ್ಪ ಅವನ ಕೈಗೆ ತಾಳ ಕೊಟ್ಟಿದ್ದ. ಅಂದಿನಿಂದ ಅವನು ಅದನ್ನು ಬಿಡಲಿಲ್ಲ.

ತೊಂಬತ್ತರ ದಶಕದ ಆರಂಭದ ಮಾತು. ಮಾರ್ಟಿನ್ ಅನ್ನುವ ಹಾಲೆಂಡಿನ ಸಂಗೀತದ ಮಾಸ್ತರನೊಬ್ಬ ನಮ್ಮ ಕಡೆಯ ವಾದ್ಯ ಕೇಳುವುದಕ್ಕೆ ಬಂದಿದ್ದ. ರಾಯಬಾಗದ ಒಂದು ಮದುವೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಸಂಜೆಯವರೆಗೆ ಸಿದ್ರಾಮನ ಎದುರಿಗೇ ಕೂತಿದ್ದ. ಅಲ್ಲಿ ಬೇವಿನ ನೆರಳು ಚೆನ್ನಾಗಿದೆ, ಅದಕ್ಕೇ ಕೂತಿದ್ದಾನೆ ಅಂದುಕೊಂಡೆ. ಮುಂದಿನ ವರ್ಷ ಅವನಿಂದ ಕರೆಯೋಲೆ ಬಂತು. ಐದೂ ಜನ ಬನ್ನಿ, ನಮ್ಮ ಬ್ಯಾಂಡಿನ ಜೊತೆ ಬಾರಿಸಿ, ಖರ್ಚೆಲ್ಲ ನಮ್ಮದು. ನನ್ನ ಕರಡಿಯ ಕೀರ್ತಿ ಸಮುದ್ರ ದಾಟಿತು ಅಂತ ನಾನು ನಿಪ್ಪಾಣಿಯ ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

"ಸಿದ್ಯಾನ್ನ ಕರಕೊಂಡ ಹೋದ್ರ ಅಲ್ಲಿ ನಮ್ಮ ಮಾನಾ ಹೋಗತೈತಿ," ಅಂದೆ ಮೌಲಾಸಾಬನಿಗೆ.

"ತಾಳಾ ಬಿಟ್ಟ ಮೇಳ ಹೆಂಗ ಹೋದೀತೋ ಕಲ್ಲ್ಯಾ?"

"ಅಪ್ಪಾಸಾಬ ಬರ್ತಾನ."

ಅಪ್ಪಾಸಾಬ ನನ್ನ ಹೆಂಡತಿಯ ತಮ್ಮ. ಯಾವ ವಾದ್ಯ ಕೊಟ್ಟರೂ ಬಾರಿಸುತ್ತಿದ್ದ, ಸಫಾರಿ ಸೂಟಿನಲ್ಲಿ ಚೆನ್ನಾಗಿಯೂ ಕಾಣುತ್ತಿದ್ದ. ಹೊರಡುವ ದಿನ ಸಿದ್ರಾಮ ತಾಳವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳೆಯಿಸಿಕೊಂಡು ಬಾಗಿಲಲ್ಲಿ ನಿಂತಿದ್ದ. ನಾವು ಎಲ್ಲಿಗೋ ಹೊರಟಿದ್ದೇವೆ ಅನ್ನುವುದು ಅವನಿಗೆ ತಿಳಿದಿತ್ತು.

"ತೆಲಸಂಗದಾಗ ಒಂದ ಸಣ್ಣ ಮದುವಿ ಐತಿ," ಅಂದೆ. "ನೀ ಬ್ಯಾಡ. ಎಮ್ಮಿ ನೋಡ್ಕೊ."

ಅವನು ಎಮ್ಮೆಯ ಕಡೆ ಹೋದ. ನಾವು ಹಾಲೆಂಡಿನ ಕಡೆ.

ಇಳಿದ ದಿನ

ವಿಮಾನದಲ್ಲಿ ನಮ್ಮನ್ನು ನೋಡಿ ನಗುವಂಥದ್ದನ್ನೆಲ್ಲ ನಾವೇ ಮಾಡಿದೆವು, ಸಿದ್ರಾಮ ಬೇಕಾಗಲಿಲ್ಲ. ಕೈ ಒರೆಸಿಕೊಳ್ಳಲು ಕೊಟ್ಟ ಬಿಸಿ ಬಟ್ಟೆಯ ಸುರುಳಿಯನ್ನು ಅಪ್ಪಾಸಾಬ ತಿನ್ನುವ ಪದಾರ್ಥ ಅಂತ ತಿಳಿದು ಕಚ್ಚಿದ. ಮೌಲಾಸಾಬ ಸಂಡಾಸಿನ ಬಾಗಿಲು ತೆಗೆಯಲು ಬಾರದೆ ಒಳಗಿನಿಂದಲೇ ನನ್ನ ಹೆಸರು ಹಿಡಿದು ಕೂಗಿದ.

ಇಳಿದಾಗ ಮಾರ್ಟಿನ್ ಬಂದಿದ್ದ. ಜೊತೆಗೆ ಸುಲಭಾತಾಯಿ ಅನ್ನುವ ಹೆಣ್ಣುಮಗಳು. ತವರು ಕಾಗವಾಡದ ಹತ್ತಿರ, ಗಂಡನ ನೌಕರಿಗಾಗಿ ಅಲ್ಲಿ ನೆಲೆಸಿದವರು. ಮರಾಠಿ, ಕನ್ನಡ, ಆ ದೇಶದ ಭಾಷೆ ಮೂರೂ ಬಲ್ಲವರು. ಮಾರ್ಟಿನ್ ನಮ್ಮ ಕೈ ಕುಲುಕಿ, ನಮ್ಮ ಹಿಂದೆ ನೋಡಿದ. ಮತ್ತೊಮ್ಮೆ ನೋಡಿದ. ಆಮೇಲೆ ಏನೋ ಕೇಳಿದ.

"ಸಿದ್ರಾಮ ಎಲ್ಲಿ ಅಂತ ಕೇಳಾಕತ್ತಾರ," ಅಂದರು ಸುಲಭಾತಾಯಿ.

"ಜ್ವರಾ ಬಂದಾವ್ರಿ," ಅಂದೆ. ಬಾಯಿಗೆ ಅದೇ ಬಂತು.

ಮಾರ್ಟಿನ್‌ನ ಮುಖ ಇಳಿಯಿತು. ನಮ್ಮನ್ನು ವ್ಯಾನಿನಲ್ಲಿ ತನ್ನ ಊರಿಗೆ ಕರೆದುಕೊಂಡು ಹೊರಟ.

ಆ ಊರಿನ ಹೆಸರು ನನ್ನ ನಾಲಿಗೆಗೆ ಕೊನೆಯವರೆಗೂ ಒಗ್ಗಲಿಲ್ಲ. ಆದರೆ ಊರ ಹತ್ತಿರ ಬಂದಾಗ ಗಾಳಿಯಲ್ಲಿ ಒಂದು ವಾಸನೆ ಬಂತು, ನಾವು ಐವರೂ ಕತ್ತೆತ್ತಿದೆವು. ಶಿರಗುಪ್ಪಿಯ ಕಡೆ ಕಬ್ಬು ಅರೆಯುವ ಹಂಗಾಮಿನಲ್ಲಿ ಬರುವ ವಾಸನೆ. ಅಲ್ಲಿ ಕಬ್ಬಿಲ್ಲ. ಮೂಲಂಗಿಯಂಥ ಒಂದು ದಪ್ಪ ಗಡ್ಡೆಯಿಂದ ಸಕ್ಕರೆ ತೆಗೆಯುತ್ತಾರಂತೆ. ರಸ್ತೆಯಲ್ಲಿ ಟ್ರಾಕ್ಟರಿನಿಂದ ಬಿದ್ದ ಗಡ್ಡೆಗಳಿದ್ದವು. ಎಳೆದುಕೊಂಡು ತಿನ್ನಲು ಒಂದು ಮಗುವೂ ಹಿಂದೆ ಓಡುತ್ತಿರಲಿಲ್ಲ.

ಅಲ್ಲಿನ ಮನೆಗಳ ದೊಡ್ಡ ಕಿಟಕಿಗಳಿಗೆ ಪರದೆ ಹಾಕುವುದಿಲ್ಲ. ದಾರಿಯಲ್ಲಿ ಹೋಗುವವರಿಗೆ ಇಡೀ ಸಂಸಾರ ಊಟ ಮಾಡುವುದು ಕಾಣುತ್ತದೆ. ಆದರೆ ಯಾರೂ ನೋಡುವುದಿಲ್ಲ. ನಾವು ನಿಂತು ನೋಡಿದೆವು. ಮಾರ್ಟಿನ್‌ನ ಮನೆಯಲ್ಲಿ ಕಾಫಿಯ ಜೊತೆ ಅವನ ಹೆಂಡತಿ ತಲೆಗೊಂದು ಬಿಸ್ಕೀಟು ಕೊಟ್ಟು ಡಬ್ಬಿ ಮುಚ್ಚಿದಳು.

"ಮುಚ್ಚೇ ಬಿಟ್ಲಲ್ಲೋ," ಅಂದ ಮೌಲಾಸಾಬ ಮೆಲ್ಲಗೆ. "ನಮ್ಮ ಮನಿಯಾಗ ಹಿಂಗ ಮಾಡಿದ್ರ ಬೀಗರು ಎದ್ದ ಹೋಗ್ತಾರ."

ಆದರೆ ಅದೇ ಹೆಂಗಸು ಆ ರಾತ್ರಿ ನಮ್ಮ ವಸತಿಗೃಹದ ಹಾಸಿಗೆಗಳಲ್ಲಿ ರಬ್ಬರಿನ ಚೀಲದಲ್ಲಿ ಬಿಸಿನೀರು ತುಂಬಿಸಿ ಇಟ್ಟಿದ್ದಳು. ಮಾರ್ಟಿನ್ ಕೈಯಲ್ಲೇ ತಂಬಾಕು ಸುತ್ತಿ ಸೇದುತ್ತಿದ್ದ. ನಿಪ್ಪಾಣಿಯ ತಂಬಾಕು ಒಂದು ಚಿಟಿಕೆ ಕೊಟ್ಟೆ. ಒಂದೇ ದಮ್ಮಿಗೆ ಕಣ್ಣಲ್ಲಿ ನೀರು ಬಂದು, ಗೋಡೆ ಹಿಡಿದುಕೊಂಡು ನಿಂತ. ಆಮೇಲೆ ಇನ್ನೊಂದು ಚಿಟಿಕೆ ಕೇಳಿದ.

ತಾಲೀಮಿನ ಕೋಣೆ

ಮರುದಿನ ಬ್ಯಾಂಡು ನೋಡಿದೆವು. ಹಳೆಯ ಶಾಲೆಯ ಕೋಣೆ. ಗಂಡಸರು, ಹೆಂಗಸರು, ಕೆಲವರು ನನ್ನ ವಯಸ್ಸಿನವರು. ಬಾಗಿಲಲ್ಲೇ ಒಬ್ಬ ಎತ್ತರದ ಮನುಷ್ಯ ನನ್ನ ಕೈ ಕುಲುಕಿದ. ತಿರುಗಿ ಬಂದು ಮತ್ತೆ ಕುಲುಕಿದ. ಅವನ ಹೆಸರು ವಿಮ್. ಅವನು ನಕ್ಕ. ಆ ನಗು ನಮ್ಮ ಮನೆಯದು.

"ಇವರಾಗ ಅರ್ಧಾ ಮಂದಿ ನಿಮ್ಮ ತಮ್ಮನಂಗ ಇದ್ದವರ ಅಣ್ಣಾ," ಅಂದರು ಸುಲಭಾತಾಯಿ. "ಇನ್ನರ್ಧಾ ಮಂದಿ ನಮ್ಮಂಗ. ಯಾರು ಯಾರು ಅಂತ ಇಲ್ಲಿ ಯಾರೂ ಹೇಳೂದಿಲ್ಲ. ಸಿದ್ರಾಮನ ಟೇಪ್ ಕೇಳೇ ಇವರು ನಿಮ್ಮನ್ನ ಕರಸ್ಯಾರ."

ನನ್ನ ಕರಡಿಯನ್ನು ಕೇಳಿ ಅಲ್ಲ. ಕೋಣೆಯ ಮಧ್ಯದಲ್ಲಿ ಒಂದು ಕುರ್ಚಿ ಖಾಲಿ ಇಟ್ಟಿದ್ದರು, ಅದರ ಮುಂದೆ ಚಾಪೆ. ಸಿದ್ರಾಮ ನೆಲದ ಮೇಲೆ ಕೂಡಲು ಇಷ್ಟಪಡುತ್ತಾನೋ ಕುರ್ಚಿಯ ಮೇಲೋ ತಿಳಿಯದೆ ಎರಡನ್ನೂ ಇಟ್ಟಿದ್ದರು.

ಅವರ ಕೆಲಸದ ರೀತಿ ನಾನು ಎಲ್ಲೂ ಕಂಡಿರಲಿಲ್ಲ. ಶುರು ಮಾಡುವ ಮೊದಲು ಒಬ್ಬೊಬ್ಬರೇ ತಮ್ಮ ವಾದ್ಯವನ್ನು ಒಂದು ಸಲ ನುಡಿಸುತ್ತಾರೆ. ಉಳಿದವರು ಸುಮ್ಮನೆ ಕೇಳುತ್ತಾರೆ. ಯಾರಾದರೂ "ಇನ್ನೂ ಇಲ್ಲ" ಅಂದರೆ ಎಲ್ಲರೂ ಕಾಯುತ್ತಾರೆ. ಆ ದಿನ ವಿಮ್ "ಇನ್ನೂ ಇಲ್ಲ" ಅಂದು ಬಗ್ಗಿ ಬೂಟಿನ ಲಾಡಿ ಕಟ್ಟಿಕೊಳ್ಳತೊಡಗಿದ. ಕಟ್ಟಿದ, ಬಿಚ್ಚಿತು, ಮತ್ತೆ ಕಟ್ಟಿದ. ಯಾರೂ ಗಡಿಯಾರ ನೋಡಲಿಲ್ಲ, ಯಾರೂ ಎದ್ದು ಹೋಗಿ ಕಟ್ಟಿಕೊಡಲಿಲ್ಲ. ನನ್ನ ಬೆರಳು ಕರಡಿಯ ಮೇಲೆ ಕುಣಿಯುತ್ತಿತ್ತು. ಮನೆಯಲ್ಲಾಗಿದ್ದರೆ ಅಷ್ಟರಲ್ಲಿ ನಾನು ಸಿದ್ರಾಮನ ತಲೆಗೆ ಮೊಟಕಿರುತ್ತಿದ್ದೆ.

ಆಮೇಲೆ ಅವರು ಬಾರಿಸಿದರು. ಏನು ಹೇಳಲಿ? ದೊಡ್ಡ ಡೋಲು ಹಾನ್ನಾ ಅನ್ನುವ ಕುಳ್ಳ ಹೆಂಗಸಿನದು, ದಪ್ಪ ಕನ್ನಡಕ, ನಲವತ್ತು ದಾಟಿದ ವಯಸ್ಸು. ಅವಳ ಪೆಟ್ಟು ಬಿದ್ದರೆ ನೆಲ ಅದುರುತ್ತಿತ್ತು. ವಿಮ್‌ನ ಬಾಜಾದಲ್ಲಿ ಒಂದೇ ಒಂದು ಸ್ವರ. ಅದು ಬರುವ ಜಾಗಕ್ಕೆ ಅವನು ಬೇಟೆಗಾರನ ಹಾಗೆ ಹೊಂಚು ಹಾಕಿ ಕೂತಿರುತ್ತಿದ್ದ, ಬಂದ ಕೂಡಲೇ ಊದಿ ಸುತ್ತಲೂ ನೋಡಿ ನಗುತ್ತಿದ್ದ. ಒಬ್ಬರನ್ನು ಒಬ್ಬರು ಮೀರಿಸಲು ನೋಡುತ್ತಿರಲಿಲ್ಲ. ನಮ್ಮ ಕಡೆ ಮೇಳ ಅಂದರೆ ಜಿದ್ದು. ಎದುರಿನವನು ಎಲ್ಲಿ ತಪ್ಪುತ್ತಾನೆ ಅಂತ ಕಾಯುವುದು, ತಪ್ಪಿದರೆ ಜನ ಸೀಟಿ ಹೊಡೆಯುವುದು. ಇವರ ಸಂಗೀತ ಕೇಳಿ ಮೌಲಾಸಾಬ ಸನಾದಿ ಮಡಿಲಲ್ಲಿಟ್ಟುಕೊಂಡು "ವ್ಹಾ, ವ್ಹಾ" ಅನ್ನುತ್ತಿದ್ದ. ಅವನು ಯಾರನ್ನೂ ಸುಮ್ಮಸುಮ್ಮನೆ ಹೊಗಳುವವನಲ್ಲ.

ನಮ್ಮ ಸರದಿ ಬಂತು. ಅಪ್ಪಾಸಾಬ ತಾಳ ಎತ್ತಿದ. ಚಮತ್ಕಾರ ಮಾಡಿ, ತಿರುಗಿಸಿ, ಒಂದು ಪೆಟ್ಟಿನ ಜಾಗದಲ್ಲಿ ಮೂರು ಹಾಕಿದ. ಹಾನ್ನಾ ಡೋಲಿನ ಕೋಲು ಕೆಳಗಿಟ್ಟಳು.

"ಇದು ಸಿದ್ರಾಮ ಅಲ್ಲ," ಅಂದಳು. ಅವನ ಹೆಸರನ್ನು ನಮಗಿಂತ ಪೂರ್ತಿಯಾಗಿ ಹೇಳಿದಳು.

ಬೆಂಕಿಯ ಗಂಟೆ

ಅಲ್ಲಿಯ ತೇವಕ್ಕೆ ಕರಡಿಯ ಚರ್ಮ ಸಡಿಲಾಗಿ ಒದ್ದೆ ಗೋಣಿಚೀಲ ಬಡಿದ ಹಾಗೆ ಸದ್ದು ಬರತೊಡಗಿತು. ನಮ್ಮಲ್ಲಿ ಇದಕ್ಕೆ ಮದ್ದು ಎಲ್ಲರಿಗೂ ಗೊತ್ತು. ಒಂದಿಷ್ಟು ಕಸಕಡ್ಡಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸುವುದು. ನಾವು ಇಳಿದುಕೊಂಡಿದ್ದ ವಸತಿಗೃಹದ ಬಚ್ಚಲಲ್ಲಿ ಅಪ್ಪಾಸಾಬ ಬೆಳಿಗ್ಗೆ ಹಳೆಯ ಪೇಪರು ಉರಿಸಿದ. ಛಾವಣಿಯಿಂದ ಒಂದು ಗಂಟೆ ಕಿರುಚಿಕೊಂಡಿತು. ನೋಡನೋಡುತ್ತ ಇಡೀ ಕಟ್ಟಡದ ಜನ ಚಳಿಯಲ್ಲಿ ಹೊರಗೆ ಬಂದು ಸಾಲಾಗಿ ನಿಂತರು, ಕೆಂಪು ಗಾಡಿಯೂ ಬಂತು. ತಲೆಗೆ ಕಬ್ಬಿಣದ ಟೋಪಿ ಹಾಕಿದವರ ಎದುರು ಅಪ್ಪಾಸಾಬ ಲುಂಗಿಯಲ್ಲಿ, ಕರಡಿಯನ್ನು ಮಗುವಿನ ಹಾಗೆ ತಬ್ಬಿಕೊಂಡು ನಿಂತಿದ್ದ.

ಯಾರೂ ಬೈಯಲಿಲ್ಲ. ಹಾನ್ನಾ ಸುದ್ದಿ ಕೇಳಿ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಕರಡಿಗಳನ್ನು ತಾಲೀಮಿನ ಕೋಣೆಯ ಬಿಸಿನೀರಿನ ಕೊಳವೆಗಳ ಪಕ್ಕ ಸಾಲಾಗಿಟ್ಟು, ಅಂಗೈಯಿಂದ ಆಗಾಗ ಚರ್ಮ ಮುಟ್ಟಿ ನೋಡುತ್ತ ಕಾವಲು ಕೂತಳು. ಕೂತವಳು ಕೇಳಿದಳು, "ಸಿದ್ರಾಮನ ಜ್ವರ ಇಳಿಯಿತೇ?"

ಜ್ವರದ ಸುದ್ದಿ

ಅದು ದಿನವೂ ಅವಳ ಮೊದಲ ಮಾತಾಯಿತು. ವಿಮ್ ಕೂಡ ಕೇಳುತ್ತಿದ್ದ. ಒಂದು ದಿನ "ಕಡಿಮಿ ಆಗೈತಿ" ಅಂದೆ. ಇನ್ನೊಂದು ದಿನ ಹಾಗಾದರೆ ಈಗ ವಿಮಾನದಲ್ಲಿ ಬರಬಹುದಲ್ಲ ಅಂದಾಗ "ಮತ್ತ ಏರೈತಿ" ಅಂದೆ. "ಡಾಕ್ಟರ್ ಸೂಜಿ ಹಾಕ್ಯಾರ" ಅಂದೆ. ಹಾನ್ನಾ ಅವನಿಗಾಗಿ ಉಣ್ಣೆಯ ಮಫ್ಲರು ಹೆಣೆಯಲು ಶುರು ಮಾಡಿದಳು.

ಒಂದು ಮಧ್ಯಾಹ್ನ ಸುಲಭಾತಾಯಿ ನನ್ನನ್ನು ಕಾಲುವೆಯ ದಂಡೆಗೆ ಕರೆದುಕೊಂಡು ಹೋದರು.

"ಅಣ್ಣಾ, ಊರಿಗೆ ಫೋನ ಎಲ್ಲಿಂದ ಮಾಡಾಕತ್ತೀರಿ?"

ನಾನು ಕಾಲುವೆಯ ನೀರು ನೋಡತೊಡಗಿದೆ.

"ಸದಲಗಾದಾಗ ನಿಮ್ಮ ಮನ್ಯಾಗ ಫೋನ ಐತೇನು?"

"ಇಲ್ಲರಿ."

"ಖರೇ ಹೇಳ್ರಿ. ಜ್ವರಾ ಬಂದಾವೇನು?"

"ಇಲ್ಲರಿ."

ಅವರು ಸೆರಗು ಬಿಗಿಯಾಗಿ ಹೊದ್ದುಕೊಂಡರು. "ಇಷ್ಟ ದಿನಾ ನಿಮ್ಮ ಸುಳ್ಳ ನನ್ನ ಬಾಯಿಲೆ ಹೇಳಸೀರಿ. ಇನ್ನ ಒಂದೂ ಸುಳ್ಳ ನಾ ತರ್ಜುಮೆ ಮಾಡೂದಿಲ್ಲ. ಬೇಕಾದ್ರ ನೀವ ಅವರ ಭಾಷಾ ಕಲತ ಹೇಳ್ರಿ."

ಕಾರ್ಯಕ್ರಮ ಶನಿವಾರಕ್ಕಿತ್ತು. ಅಲ್ಲಿಯವರೆಗೆ ತಪ್ಪಿಸಿಕೊಂಡು ತಿರುಗಿದರೆ ಮುಗಿಯಿತು, ವಿಮಾನ ಹತ್ತಿಬಿಡುತ್ತೇವೆ ಅಂತ ನಾನು ಲೆಕ್ಕ ಹಾಕಿದೆ. ಹಾನ್ನಾಳನ್ನು ಕಂಡರೆ ಬೇರೆ ಕಡೆ ಹೋಗುತ್ತಿದ್ದೆ. ಅವಳು ಕೇಳಿದರೆ ಕಿವಿ ಕೇಳದವನ ಹಾಗೆ ಕರಡಿಯ ಹಗ್ಗ ಬಿಗಿಯುತ್ತಿದ್ದೆ.

ಶನಿವಾರ

ಶನಿವಾರ ಬೆಳಿಗ್ಗೆ ಸಭಾಗೃಹಕ್ಕೆ ಹೋದರೆ ಹಾನ್ನಾ ಡೋಲಿನ ಹತ್ತಿರ ಇರಲಿಲ್ಲ. ಮೆಟ್ಟಿಲ ಮೇಲೆ ಮಫ್ಲರನ್ನು ಮುಖಕ್ಕೆ ಒತ್ತಿಕೊಂಡು ಅಳುತ್ತಿದ್ದಳು. ಇವತ್ತು ನಾನು ಬಾರಿಸುವುದಿಲ್ಲ ಅಂದಳಂತೆ. ಉಳಿದವರೂ ವಾದ್ಯ ಕೆಳಗಿಟ್ಟು ಅವಳ ಸುತ್ತ ಕೂತಿದ್ದರು. ಒಬ್ಬರು "ಇನ್ನೂ ಇಲ್ಲ" ಅಂದರೆ ಎಲ್ಲರಿಗೂ ಇನ್ನೂ ಇಲ್ಲ.

ಮಾರ್ಟಿನ್ ಹೇಳಿದ, ಸುಲಭಾತಾಯಿ ತಿಳಿಸಿದರು. ಹಿಂದೆ ಅವರ ಬ್ಯಾಂಡಿನಲ್ಲಿ ಹಾನ್ನಾಳ ಗೆಳೆಯನೊಬ್ಬನಿದ್ದ, ತುತ್ತೂರಿಯವನು. ಅವನಿಗೆ ಜ್ವರ ಬಂದು ಆಸ್ಪತ್ರೆಗೆ ಹೋದ. ಇಳಿಯುತ್ತಿದೆ, ಇಳಿಯುತ್ತಿದೆ ಅಂತ ದೊಡ್ಡವರೆಲ್ಲ ಅವಳಿಗೆ ಹೇಳಿದರು. ಅವಳು ನೊಂದುಕೊಳ್ಳಬಾರದು ಅಂತ. ಅವನು ಸತ್ತು ಮಣ್ಣಾದ ಮೇಲೆ ಅವಳಿಗೆ ತಿಳಿಯಿತು. "ಸಿದ್ರಾಮ ಸತ್ತಾನ, ನೀವೆಲ್ಲಾ ನನಗ ಹೇಳವಲ್ರಿ ಅಂತ ಅಳಾಕತ್ತಾಳ ಅಣ್ಣಾ," ಅಂದರು ಸುಲಭಾತಾಯಿ. ಅಷ್ಟು ಹೇಳಿ ನನ್ನ ಕಡೆ ನೋಡದೆ ನಿಂತರು.

ಮೌಲಾಸಾಬ ನನ್ನ ಬೆನ್ನಿಗೆ ಕೈ ಇಟ್ಟು ಮುಂದೆ ತಳ್ಳಿದ. "ಹೋಗಲೇ ಕಲ್ಲ್ಯಾ. ಇನ್ನ ಮ್ಯಾಲ ಸುಮ್ನಿದ್ರ ಪಾಪ ಹತ್ತತೈತಿ."

ನಾನು ಮೆಟ್ಟಿಲ ಕೆಳಗೆ, ಅವಳಿಗಿಂತ ತಗ್ಗಿನಲ್ಲಿ ಕೂತೆ. "ಸಿದ್ರಾಮ ಜೀವಂತ ಅದಾನ. ಅವಗ ಏನೂ ಆಗಿಲ್ಲ. ಜ್ವರಾನೂ ಬಂದಿಲ್ಲ. ನಾ ಸುಳ್ಳ ಹೇಳಿದೆ." ಸುಲಭಾತಾಯಿ ಒಂದೊಂದೇ ಮಾತನ್ನು ಅವರ ಭಾಷೆಗೆ ಹಾಕಿದರು.

ಹಾನ್ನಾ ಬಾಯಿ ತೆರೆದು ನನ್ನನ್ನೇ ನೋಡಿದಳು. ಚಪ್ಪಲಿಯಿಂದ ಹೊಡೆದರೂ ತಾಳಿಕೊಳ್ಳಬೇಕು ಅಂತ ನಾನು ತಯಾರಾಗಿದ್ದೆ. ಅವಳು ಎದ್ದು ನಿಂತು ಕೂಗಿದಳು, "ಜ್ವರ ಇಲ್ಲ! ಸಿದ್ರಾಮನಿಗೆ ಜ್ವರ ಇಲ್ಲ!" ವಿಮ್ ಕುಣಿದ. ಎಲ್ಲರೂ ಚಪ್ಪಾಳೆ ಹೊಡೆದರು, ಒಬ್ಬರನ್ನೊಬ್ಬರು ತಬ್ಬಿಕೊಂಡರು, ನನ್ನನ್ನೂ ತಬ್ಬಿಕೊಂಡರು. ತಾವು ಮೋಸಹೋದದ್ದು ಅವರ ಮನಸ್ಸಿಗೆ ಬರಲೇ ಇಲ್ಲ. ಕಂಡೇ ಇರದ ಒಬ್ಬ ಮನುಷ್ಯ ಬದುಕಿದ್ದಾನೆ, ಅವರಿಗೆ ಅಷ್ಟೇ ಸಾಕಾಗಿತ್ತು. ಅಂಥ ಸಂತೋಷದ ನಡುವೆ ನಿಂತಷ್ಟು ಸಣ್ಣವನಾಗಿ ನಾನು ಯಾವತ್ತೂ ನಿಂತಿಲ್ಲ.

ಗದ್ದಲ ಇಳಿದ ಮೇಲೆ ಹಾನ್ನಾ ಕೇಳಿದಳು, "ಹಾಗಾದರೆ ಯಾಕೆ ಬರಲಿಲ್ಲ?"

"ನಾ ಬ್ಯಾಡಂದೆ. ನಾಚಿಕಿ ಆಗಿತ್ತು."

"ಯಾತಕ್ಕೆ ನಾಚಿಕೆ?"

ಸುಲಭಾತಾಯಿ ಕಾದರು. ಎದುರಿಗೆ ಕೂತವರ ಮುಖ ನೋಡುತ್ತ ಅದನ್ನು ಹೇಗೆ ಹೇಳುವುದು?

ಅವರು ತಮ್ಮಲ್ಲೇ ಮಾತಾಡಿಕೊಂಡರು. ಮಾರ್ಟಿನ್ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಹಾನ್ನಾ ಅಪ್ಪಾಸಾಬನ ಕೈಯಿಂದ ತಾಳ ತೆಗೆದು ನನ್ನ ಮಡಿಲಿಗೆ ಇಟ್ಟಳು. ಅವರ ಬ್ಯಾಂಡಿನ ಪದ್ಧತಿ ಅದು. ಒಬ್ಬರ ಜಾಗ ಖಾಲಿಯಾಗಲು ಯಾರು ಕಾರಣವೋ ಅವರೇ ಆ ಜಾಗ ತುಂಬಬೇಕು.

ಹೀಗೆ ಅಷ್ಟು ದೂರ ಹೋಗಿ, ನನ್ನ ಕರಡಿಯನ್ನು ಅಪ್ಪಾಸಾಬನಿಗೆ ಕೊಟ್ಟು, ನಾನು ತಮ್ಮ ಬಾರಿಸಬೇಕಿದ್ದ ತಾಳ ಬಾರಿಸಿದೆ. ತಾಳದವನು ಹಾರುವಂತಿಲ್ಲ, ಮೆರೆಯುವಂತಿಲ್ಲ. ಸುತ್ತಲೂ ಎಲ್ಲರೂ ಏರುತ್ತ ಹೋಗುವಾಗ ಅವನು ಇದ್ದಲ್ಲೇ ಇರಬೇಕು. ಮೂರು ಸಲ ನನ್ನ ಕೈ ಓಡಿತು. ಮೂರು ಸಲವೂ ಹಾನ್ನಾ ಡೋಲಿನ ಹಿಂದಿನಿಂದ ನನ್ನನ್ನು ನೋಡಿ ತಲೆ ಆಡಿಸಿ, ನಾನು ದಾರಿಗೆ ಬರುವವರೆಗೆ ಅದೇ ಪೆಟ್ಟು ಹಾಕುತ್ತ ಕಾದಳು. ಮೌಲಾಸಾಬನ ಸನಾದಿ ಅವತ್ತು ಹೋದ ಎತ್ತರಕ್ಕೆ ಮತ್ತೆಂದೂ ಹೋಗಲಿಲ್ಲ. ವಿಮ್ ತನ್ನ ಸ್ವರ ಊದಿದಾಗ ಇಡೀ ಸಭೆ ಎದ್ದು ನಿಂತಿತು. ನಾನೂ ನಿಂತಿದ್ದೆನೋ ಏನೋ, ನೆನಪಿಲ್ಲ. ಕಣ್ಣು ಮಂಜಾಗಿತ್ತು.

ಮತ್ತೆ ಸದಲಗಾ

ಊರಿಗೆ ಬಂದಾಗ ಸಿದ್ರಾಮ ಕೊಟ್ಟಿಗೆಯಲ್ಲಿ ಹಾಲು ಹಿಂಡುತ್ತಿದ್ದ. ತಲೆ ಎತ್ತದೆ, "ತೆಲಸಂಗದ ಮದುವಿ ಭಾಳ ದಿನಾ ನಡೀತಲ್ಲೋ ಅಣ್ಣಾ," ಅಂದ.

ನಾನು ಅವನ ಪಕ್ಕ ಸಗಣಿಯ ನೆಲದ ಮೇಲೇ ಕೂತು ಎಲ್ಲ ಹೇಳಿದೆ. ವಿಮಾನ, ಮಾರ್ಟಿನ್, ಖಾಲಿ ಕುರ್ಚಿ, ಜ್ವರ. ಅವನು ಕೇಳುತ್ತ ಹಿಂಡುತ್ತಿದ್ದ. ಆಮೇಲೆ ಹಿಂಡುವುದನ್ನು ನಿಲ್ಲಿಸಿದ.

"ವಿಮಾನದಾಗ ನಾ ಕುಂದ್ರಾಂವ ಇದ್ನೇನು?"

"ಹೌದು."

"ನೀ ಬ್ಯಾಡಂದಿ?"

"ಹೌದಪಾ."

ಅವನು ಹಾಲಿನ ತಂಬಿಗೆ ಎತ್ತಿಕೊಂಡು ಒಳಗೆ ಹೋದ. ಒಂದು ಇಡೀ ಹಂಗಾಮು ಮೇಳಕ್ಕೆ ಬರಲಿಲ್ಲ. ಕರೆದರೆ, "ನನಗ ಜ್ವರಾ ಬಂದಾವ," ಅನ್ನುತ್ತಿದ್ದ. ವ್ಯಂಗ್ಯ ಅವನಿಗೆ ಗೊತ್ತಿರಲಿಲ್ಲ, ನಾನು ಹೇಳಿದ್ದನ್ನೇ ನನಗೆ ಹೇಳುತ್ತಿದ್ದ. ಹಾನ್ನಾ ಕೊಟ್ಟು ಕಳಿಸಿದ ಮಫ್ಲರನ್ನು ಮಾತ್ರ ಬಿಸಿಲಲ್ಲೂ ಬಿಚ್ಚುತ್ತಿರಲಿಲ್ಲ.

ಕಡೆಗೆ ಕಾಗವಾಡದ ಒಂದು ಮದುವೆಗೆ ತಾನೇ ಗಾಡಿ ಹತ್ತಿ ಕೂತ. ಚಪ್ಪರದ ಮುಂದೆ ಜನ ನೆರೆದಿತ್ತು. ನಾನು ಸನ್ನೆ ಮಾಡಿದೆ. ಅವನು ತಾಳ ಎತ್ತಲಿಲ್ಲ.

"ಮೊದಲ ಹೇಳು," ಅಂದ.

"ಏನ್ ಹೇಳಲೋ?"

"ಎಲ್ಲಾರ ಮುಂದ ಹೇಳು. ನನ್ನ ಕರದಿದ್ರು, ನೀ ಹೋದಿ ಅಂತ."

ಬೀಗರು, ಹೆಣ್ಣಿನ ಕಡೆಯವರು, ಪಾತ್ರೆ ತೊಳೆಯುವವರು, ಎಲ್ಲರೂ ನೋಡುತ್ತಿದ್ದರು. ಸಿದ್ರಾಮ ಎರಡೂ ಕೈಯಲ್ಲಿ ತಾಳ ಹಿಡಿದು ಕಾಯುತ್ತಿದ್ದ. ನಾನು ಹೇಳಿದೆ. "ಇಂವಾ ನನ್ನ ತಮ್ಮ ಸಿದ್ರಾಮ. ಪರದೇಶದವರು ಇವನ್ನ ಕರದಿದ್ರು. ನಾ ಇವನ್ನ ಬಿಟ್ಟ ಹೋದ್ನಿ." ಜನ ನಕ್ಕರು. ಸಿದ್ರಾಮ ತಾಳದ ಮೊದಲ ಪೆಟ್ಟು ಹಾಕಿದ.

ಅಲ್ಲಿಂದ ಮುಂದೆ ಚಿಕ್ಕೋಡಿಯಲ್ಲಾಗಲಿ ಅಥಣಿಯಲ್ಲಾಗಲಿ, ಅಷ್ಟು ಹೇಳದೆ ಅವನು ಶುರು ಮಾಡಲಿಲ್ಲ. ಮೊದಮೊದಲು ನಾನು ನೆಲ ನೋಡಿಕೊಂಡು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದೆ. ಬರಬರುತ್ತ ಜನರೇ "ಹೇಳ್ರಿ ಕಲ್ಲಪ್ಪಣ್ಣಾ" ಅನ್ನತೊಡಗಿದರು. ಹುಚ್ಚ ಸಿದ್ಯಾ ಅನ್ನುವುದು ಯಾವಾಗ ನಿಂತಿತೋ ತಿಳಿಯಲಿಲ್ಲ. ಮತ್ತೊಮ್ಮೆ ಪರದೇಶದ ಕರೆ ಬರಲಿಲ್ಲ, ಅವನು ವಿಮಾನ ಹತ್ತಲಿಲ್ಲ.

ಸಿದ್ರಾಮ ತೀರಿಕೊಂಡು ಬಹಳ ವರ್ಷವಾಯಿತು. ನನ್ನ ಕೊರಳೂ ಈಗ ಕರಡಿ ಹೊರುವುದಿಲ್ಲ. ಚಪ್ಪರದ ಮುಂದೆ ನಿಂತು ಹೇಳುವ ಅವಕಾಶ ಇಲ್ಲದ್ದರಿಂದ ಇಲ್ಲಿ, ಓದುವವರ ಮುಂದೆ ಹೇಳಿದ್ದೇನೆ.